ಮಲಗಿ ನೋಡುವ ಕೆಲಸ

ಮಲಗಿ ಸಂಬಳ ತೆಗೆದುಕೊಳ್ಳುತ್ತಿದ್ದವನು ನಮ್ಮೂರಿನಲ್ಲಿ ನಾನೊಬ್ಬನೇ. ಗುರುಪಾದಪ್ಪ ಸಾವ್ಕಾರರ ಗಾದಿ ಕಾರ್ಖಾನೆಯಲ್ಲಿ ನನ್ನ ಕೆಲಸವೇ ಅದಾಗಿತ್ತು. ಗಿರಾಕಿಗಳು ವಾಪಸು ತಂದ ಗಾದಿಯನ್ನು ಹಿತ್ತಲ ಕೋಣೆಯಲ್ಲಿ ಹಾಸುತ್ತಿದ್ದರು. ನಾನು ಮಧ್ಯಾಹ್ನ ಉಂಡು ಕೈ ತೊಳೆದು ಅದರ ಮೇಲೆ ಮಲಗಬೇಕು, ಎದ್ದ ಮೇಲೆ ಅದನ್ನು ತುಂಬಿದವರ ತಕರಾರು ಏನೆಂದು ಸಾವ್ಕಾರರಿಗೆ ಹೇಳಬೇಕು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಊರವರು ನನ್ನ ಮುಖ ನೋಡಿಯೇ ಹೇಳುತ್ತಿದ್ದರು. ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಿದ್ದೆ ಬಾರದೆ ಹೊರಳಾಡುವವರ ಹೊಟ್ಟೆಯುರಿ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ನಮ್ಮೂರಿನ ಗಾದಿಗಳೇ ಹಾಗೆ. ಹತ್ತಿ ಹಿಂಜುವಾಗಲೋ ತುಂಬುವಾಗಲೋ ಕೆಲಸದವರ ಮನಸ್ಸಿನಲ್ಲಿ ಒಡೆಯನ ಮೇಲೆ ಮುನಿಸಿದ್ದರೆ ಅದು ಹತ್ತಿಯ ಜೊತೆಗೇ ಒಳಗೆ ಹೋಗಿಬಿಡುತ್ತದೆ, ಮಲಗಿದವನಿಗೆ ಕನಸಾಗಿ ಬರುತ್ತದೆ. ಗಂಡ ಹೆಂಡಿರ ಜಗಳ, ನೆರೆಯವಳ ಮೇಲಿನ ಸಿಟ್ಟು ಯಾವುದೂ ಬರುವುದಿಲ್ಲ, ಕೆಲಸದ ನೋವು ಮಾತ್ರ. ಹಿಂದೊಮ್ಮೆ ಒಂದು ಮದುವೆಗೆ ಕೊಟ್ಟ ಗಾದಿಯ ಮೇಲೆ ಅಳಿಯ ಮೊದಲ ರಾತ್ರಿಯೇ ಎದ್ದು ಕುಳಿತು, ‘ನನಗ ಹಬ್ಬದ ಸೂಟಿ ಕೊಡ್ಲಿಲ್ಲ’ ಎಂದು ಗಳಗಳ ಅತ್ತನಂತೆ. ಮರುದಿನ ಬೀಗರೆಲ್ಲ ಸೇರಿ ಬಂದು ಕಾರ್ಖಾನೆಯ ಬಾಗಿಲಲ್ಲಿ ಕುಳಿತರು. ಕೆಲಸದವರಿಗೆ ಹಬ್ಬದ ರಜೆ ಕೊಡಿಸಿಯೇ ಎದ್ದರು. ಬೇರೆ ಊರುಗಳಲ್ಲಿ ಕೆಲಸ ನಿಲ್ಲಿಸಿ ಮುಷ್ಕರ ಹೂಡುತ್ತಾರೆ ಎಂದು ಕೇಳಿದ್ದೇನೆ. ನಮ್ಮೂರಲ್ಲಿ ನಿಲ್ಲಿಸಬೇಕಾಗಿರಲಿಲ್ಲ, ಕೆಲಸ ಮಾಡಿದರೆ ಸಾಕಿತ್ತು. ಕನಸು ಬಿದ್ದ ಗಾದಿಯನ್ನು ಬಿಚ್ಚಿ ಹತ್ತಿಯನ್ನು ಮತ್ತೆ ಹಿಂಜಿದರೆ ಕನಸು ಹೋಗುತ್ತದೆ. ಆದರೆ ತಕರಾರು ತೀರದಿದ್ದರೆ ಮುಂದಿನ ಗಾದಿಗೆ ಅದೇ ಕನಸು ಬಂದು ಸೇರುತ್ತದೆ.

ನನ್ನ ಹೆಸರು ತಿಪ್ಪಣ್ಣ. ಈ ಕೆಲಸಕ್ಕೆ ಬರುವ ಮೊದಲು ನಾನು ಸಾವ್ಕಾರರ ಅಂಗಡಿಯ ಕಾವಲುಗಾರನಾಗಿದ್ದೆ. ಕಾವಲಿನಲ್ಲಿ ಮೂರು ಸಲ ನಿದ್ದೆ ಹೊಡೆದು ಸಿಕ್ಕಿಬಿದ್ದಾಗ ಕೆಲಸ ಹೋಗುತ್ತದೆಂದು ಅಂಜಿದ್ದೆ. ಸಾವ್ಕಾರರು ನನ್ನನ್ನು ಬಹಳ ಹೊತ್ತು ನೋಡಿ, ‘ನಿನಗೊಂದು ಬ್ಯಾರೆ ಕೆಲಸ ಐತಿ’ ಎಂದು ಹಿತ್ತಲ ಕೋಣೆಗೆ ಕರೆದುಕೊಂಡು ಹೋದರು. ಅಂದಿನಿಂದ ಬೇರೆಯವರ ಕನಸುಗಳನ್ನೇ ಕಂಡೆ. ಹಗಲೆಲ್ಲ ಮಲಗಿದವನಿಗೆ ರಾತ್ರಿ ನಿದ್ದೆ ಎಲ್ಲಿಂದ ಬಂದೀತು? ಮನೆಯ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ತೊಲೆ ನೋಡುತ್ತಿದ್ದೆ. ಮೊದಲೆಲ್ಲ ಸತ್ತುಹೋದ ನಮ್ಮವ್ವ ಆಗೊಮ್ಮೆ ಈಗೊಮ್ಮೆ ಕನಸಿಗೆ ಬಂದು, ‘ಉಂಡೇನೋ?’ ಎಂದು ಕೇಳಿ ಹೋಗುತ್ತಿದ್ದಳು. ಈ ಕೆಲಸ ಹಿಡಿದ ಮೇಲೆ ಅವಳೂ ಬರಲಿಲ್ಲ. ಹೊಟ್ಟೆಪಾಡು ಎಂದ ಮೇಲೆ ಒಂದು ಬಂದರೆ ಒಂದು ಹೋಗುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಹತ್ತಿ ಹಿಂಜಿ ಗಾದಿ ತುಂಬುವ ಕಾರ್ಖಾನೆಯ ಪಡಸಾಲೆಗೆ ರಾಜಾಬಿಯೇ ಹಿರಿಯಳು. ಅವಳ ಗಂಡ ದಾವಲಸಾಬ ನಮ್ಮಲ್ಲಿ ಹತ್ತಿ ಹಿಂಜುತ್ತಿದ್ದ. ಹಿಂಜುವ ಬಿಲ್ಲಿನ ತಂತಿಯನ್ನು ಅವನು ಮೀಟಿದರೆ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದು, ನಾನಿನ್ನೂ ಕಾವಲಿನಲ್ಲಿದ್ದ ವರ್ಷ ಬೇಸಿಗೆ ಮುಗಿಯುವ ಮೊದಲು ತೀರಿಕೊಂಡ. ಆಗಲೇ ಅಲ್ಲಿ ಗಾದಿ ಹೊಲಿಯುತ್ತಿದ್ದ ರಾಜಾಬಿ ನಾಲ್ಕು ದಿನ ಕಳೆದು ಅವನ ಜಾಗದಲ್ಲಿ ಬಂದು ಕುಳಿತಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ನಾನು ಉಂಡು ಮಲಗಲು ಹೊರಟರೆ ಸಾಕು, ‘ಹೋಗಪ್ಪಾ, ನಮ್ಮ ಪಾಲಿಂದೂ ನೀನ ಮಲಗು’ ಎನ್ನುತ್ತಿದ್ದಳು. ಉಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾನು ಈ ಕೆಲಸ ಹಿಡಿದು ಕೆಲವು ವರ್ಷವಾದ ಮೇಲೆ ಊರ ಹೊರಗೆ ಹೊಸ ಛತ್ರ ಕಟ್ಟಿಸಿದ್ದರು. ಅದರ ಗಾದಿಗಳೆಲ್ಲ ನಮ್ಮಲ್ಲಿಯೇ ತಯಾರಾಗಿದ್ದವು. ತೆರೆದು ವಾರವಾಗಿರಲಿಲ್ಲ, ಛತ್ರದ ಮೇಲ್ವಿಚಾರಕ ಎರಡು ಎತ್ತಿನ ಚಕ್ಕಡಿ ತುಂಬ ಗಾದಿ ಹೇರಿಕೊಂಡು ಬಂದ. ಮಲಗಿದವರಿಗೆಲ್ಲ ಒಂದೇ ಕನಸಂತೆ. ದೂರದಿಂದ ಬಂದ ಯಾತ್ರಿಕರು ಬೆವೆತು ಎದ್ದು, ಅಂಗಳದ ಕಲ್ಲಿನ ಮೇಲೆ ಬೆಳಗು ಮಾಡಿದರಂತೆ. ‘ಹುಣ್ಣಿಮಿ ಮುಂದೈತಿ, ಮಂದಿ ಬರ್ತಾರ. ಅಷ್ಟರಾಗ ಸರಿಮಾಡ್ರಿ, ಇಲ್ಲಾಂದ್ರ ನಮಗ ಚಾಪಿನ ಗತಿ’ ಎಂದು ಅವನು ಗಾದಿ ಇಳಿಸಿ ಹೋದ.

ನಾನು ಮಲಗಿದೆ. ಕನಸಿನಲ್ಲಿ ಮೊಳಕಾಲುದ್ದ ಹತ್ತಿಯ ನಡುವೆ ನಿಂತಿದ್ದೆ. ಎದುರಿಗೆ ಒಬ್ಬ ಮನುಷ್ಯ ನನಗೆ ಬೆನ್ನು ಮಾಡಿ ಕುಳಿತಿದ್ದ. ಅವನನ್ನು ಕೂಗಬೇಕು, ಬಾಯಿ ತುಂಬ ಹತ್ತಿ. ಕೂಗು ಗಂಟಲಲ್ಲೇ ಉಳಿಯಿತು, ಅವನು ತಿರುಗಲಿಲ್ಲ. ಎದೆ ಬಿಗಿದು ಎದ್ದು ಕುಳಿತೆ. ಇನ್ನೊಂದು ಗಾದಿ ಹಾಸಿದರು, ಅದೇ ಕನಸು. ಬೇರೆ ಕೈ ತುಂಬಿದ ಗಾದಿಗೂ ಅದೇ. ಒಂದು ಪಡಸಾಲೆಯ ಎಲ್ಲರೂ ಒಂದೇ ಕನಸನ್ನು ತುಂಬಿದ್ದು ನನ್ನ ಕಾಲದಲ್ಲಿ ಇರಲಿಲ್ಲ.

ಸಾವ್ಕಾರರಿಗೆ ಹೇಳಿದೆ. ಅವರು ಮೀಸೆ ಸವರಿಕೊಂಡು, ‘ಬೆನ್ನು ಮಾಡಿ ಕುಂತಾಂವ ನಾನ. ಪಗಾರದ ಮಾತಿಗೆ ನಾ ತಿರುಗಿ ನೋಡವಲ್ಲೆ ಅಂತ ಅವರ ಸಿಟ್ಟು’ ಎಂದು ಪಗಾರ ಏರಿಸಿದರು. ಪಡಸಾಲೆಯವರು ಕೈ ಮುಗಿದು ತೆಗೆದುಕೊಂಡರು. ಹೊಸದಾಗಿ ತುಂಬಿದ ಗಾದಿಯ ಮೇಲೆ ಮಲಗಿದರೆ ಮತ್ತೆ ಅದೇ ಬೆನ್ನು, ಅದೇ ಹತ್ತಿ. ಆಗ ಸಾವ್ಕಾರರು ಬಾಯಿಯೊಳಗಿನ ಹತ್ತಿಯನ್ನು ಹಿಡಿದರು. ‘ಧೂಳಿನ ತಕರಾರು ಇದು. ಸರಳ ಐತಿ’ ಎಂದು ಪೇಟೆಯಿಂದ ಆಳೆತ್ತರದ ಫ್ಯಾನು ತರಿಸಿ, ತೆಂಗಿನಕಾಯಿ ಒಡೆದು, ತಮ್ಮ ಕೈಯಾರೆ ಗುಂಡಿ ಒತ್ತಿದರು. ಹಿಂಜಿದ ಹತ್ತಿ ರಾಶಿಯಾಗಿ ಬಿದ್ದಿರುವ ಕಡೆ ಫ್ಯಾನು ಹಾಕಬಾರದು ಎಂದು ಅಲ್ಲಿದ್ದ ಒಬ್ಬರಾದರೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ನಮ್ಮೂರಿನವರಿಗೆ ಯಾವುದನ್ನೂ ಬಾಯಿಂದ ಹೇಳುವ ರೂಢಿಯೇ ತಪ್ಪಿಹೋಗಿತ್ತು, ಗಾದಿ ಹೇಳುತ್ತದಲ್ಲ ಎಂದು ಸುಮ್ಮನಿರುತ್ತಿದ್ದರು. ಹತ್ತಿ ಎದ್ದಿತು ನೋಡಿ, ಸಾವ್ಕಾರರ ಮೀಸೆ ಕಾಣದಾಯಿತು. ಬೀದಿಯ ನಾಯಿಗಳು ಬೆಳ್ಳಗಾದವು. ಎದುರಿನ ಖಾನಾವಳಿಯ ಸಾರಿನಲ್ಲಿ ಅರಳೆ ತೇಲಿತು.

ರಾಜಾಬಿ ತಲೆಯ ಮೇಲಿನ ಸೆರಗು ಕೊಡವುತ್ತ, ‘ಸಾವ್ಕಾರ್ರ, ಮೊದಲ ನಾವಷ್ಟ ಕೆಮ್ಮತಿದ್ವಿ. ಈಗ ಇಡೀ ಓಣಿಗೆ ಪಾಲು ಕೊಟ್ರಿ’ ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾವ್ಕಾರರು ನಗಲಿಲ್ಲ.

ಸಂಜೆ ನನ್ನನ್ನು ಅಂಗಡಿಯ ಒಳಕೋಣೆಗೆ ಕರೆದರು. ‘ತಿಪ್ಯಾ, ಎಲ್ಲಾ ಗಾದ್ಯಾಗೂ ಒಂದ ಕನಸು ಅಂದ್ರ ಯಾರೋ ಒಬ್ಬರು ಎಲ್ಲಾರ ಕಿವಿ ಊದ್ಯಾರ. ಅದು ಆಕೀನ. ನಾಳೆ ಮತ್ತ ಮಲಗು. ಎದ್ದು, ಕನಸಿನ್ಯಾಗ ರಾಜಾಬಿ ಎಲ್ಲಾರನೂ ಎತ್ತಿ ಕಟ್ಟೂದು ಕಂಡೆ ಅಂತ ಹೇಳು. ಆಕೀನ ಬಿಡಿಸಿ ಕಳಿಸ್ತೀನಿ, ಉಳದವರು ಸರಿಹೋಗ್ತಾರ’ ಎಂದರು.

‘ನಾ ಅದನ್ನ ಕಂಡಿಲ್ಲರಿ’ ಎಂದೆ.

‘ಕಾಣ್ತಿ’ ಎಂದರು ಸಾವ್ಕಾರರು. ‘ಕಂಡ್ರ ಈ ಕೆಲಸ ನಿನ್ನ ಕಡೀತನಕ ನಿಂದ.’

ನಮ್ಮೂರಿನಲ್ಲಿ ಮಲಗಿ ನೋಡಿದವನ ಮಾತಿಗೆ ಎದುರಾಡುವವರಿಲ್ಲ. ನಾನು ಹೌದೆಂದರೆ ರಾಜಾಬಿ ಹೋಗುತ್ತಾಳೆ, ಆಮೇಲೆ ಯಾವ ಗಾದಿ ಕಾರ್ಖಾನೆಯವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಗೆ ಬಂದಾಗ ಅವಳು ಬಾಗಿಲಲ್ಲಿ ಕುಳಿತು ದಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನ ಮುಖ ನೋಡಿದವಳಿಗೆ ಏನೋ ತಿಳಿದಿರಬೇಕು.

‘ತಿಪ್ಪಣ್ಣ, ನೀ ಯಾವ ಕನಸೂ ಪೂರಾ ನೋಡೂದಿಲ್ಲ. ಎದ್ಯಾಗ ಸ್ವಲ್ಪ ಚುಚ್ಚಿದ ಕೂಡ್ಲೆ ಎದ್ದಬಿಡ್ತಿ. ನಾಳೆ ಒಂದಿನ ತಡಕೊಂಡು ಮಲಗು’ ಎಂದಳು.

ಅವಳು ಹೇಳಿದ್ದು ನಿಜ. ತಕರಾರಿನ ಬಾಲ ಕಂಡರೆ ಸಾಕು, ನಾನು ಎದ್ದು ವರದಿ ಒಪ್ಪಿಸುತ್ತಿದ್ದೆ. ಮರುದಿನ ಸಾವ್ಕಾರರ ಮನೆಯಿಂದಲೇ ಹೋಳಿಗೆ ಊಟ ಬಂತು. ಹೊಟ್ಟೆ ಬಿರಿಯುವಷ್ಟು ಉಂಡು ಮಲಗಿದೆ. ಅದೇ ಹತ್ತಿ, ಅದೇ ಬೆನ್ನು. ಎದೆ ಬಿಗಿಯಿತು, ಎಚ್ಚರವಾಗುವಂತಾಯಿತು, ಹಲ್ಲು ಕಚ್ಚಿಕೊಂಡು ನಿದ್ದೆಯೊಳಗೇ ಉಳಿದೆ. ಹತ್ತಿ ತುಳಿಯುತ್ತ ಆ ಮನುಷ್ಯನ ಹತ್ತಿರ ಹೋಗಿ ಭುಜ ಹಿಡಿದು ತಿರುಗಿಸಿದೆ. ಅದು ಸಾವ್ಕಾರರ ಮುಖವಲ್ಲ, ನನ್ನದೇ ಮುಖ. ಕುಳಿತಲ್ಲೇ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದೆ. ನನ್ನ ಆಚೆಗೆ, ಬಹಳ ದೂರದಲ್ಲಿ, ಸಾವ್ಕಾರರ ಕೋಣೆಯ ಬಾಗಿಲು ಮುಚ್ಚಿತ್ತು.

ಎದ್ದವನೇ ನೇರ ಪಡಸಾಲೆಗೆ ಹೋದೆ. ಸಿಟ್ಟು ಬಂದಿತ್ತು ನನಗೆ. ‘ಅಕ್ಕಾ, ನಾ ನಿಮಗ ಏನ ಮಾಡೀನಿ? ನಿಮ್ಮ ತಕರಾರು ನನ್ನ ಮ್ಯಾಲ ಯಾಕ?’ ಎಂದು ಎಲ್ಲರೆದುರಿಗೇ ಕೇಳಿದೆ.

ರಾಜಾಬಿ ಹೊಲಿಗೆ ನಿಲ್ಲಿಸಲಿಲ್ಲ. ‘ನೀ ಏನ ಮಾಡೀಯಪ್ಪಾ, ಮಲಗೀಯಷ್ಟ. ನನ್ನ ಗಂಡ ಇದ್ದಾಗ ತಿಂಗಳದ ಮೊದಲನೇ ಗಾದಿ ಮ್ಯಾಲ ಸಾವ್ಕಾರ್ರು ತಾವ ಮಲಗತಿದ್ರು, ಇಲ್ಲೇ, ನಮ್ಮ ಮುಂದ. ಎದ್ದಾಗ ಅವರ ಮಾರಿ ನೋಡಿದ್ರ ನಮಗ ತಿಳೀತಿತ್ತು, ಮುಟ್ಟೇತಿ ಅಂತ. ಈಗ ನಾವು ಕೆಮ್ಮತೀವಿ, ಆ ಕೆಮ್ಮು ನಿನ್ನ ಎದೀಗೆ ಬರ್ತೈತಿ, ನೀ ಹೋಗಿ ‘ಬಾಯಿ ತುಂಬ ಹತ್ತಿ’ ಅಂತಿ. ಅವರು ಫ್ಯಾನು ತರಸ್ತಾರ. ಮಾತು ಮುಟ್ಟತೈತಿ, ಕೆಮ್ಮು ಮುಟ್ಟೂದಿಲ್ಲ’ ಎಂದಳು.

ಹಿಂಜುತ್ತಿದ್ದವರು ಕೈ ನಿಲ್ಲಿಸಿದ್ದರು. ಯಾರ ಕಣ್ಣಿನಲ್ಲೂ ನನ್ನ ಮೇಲೆ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಬಾಗಿಲಿಗೆ ಅಡ್ಡ ಕುಳಿತ ಮುದಿ ನಾಯಿಯ ಮೇಲೆ ಯಾರು ಸಿಟ್ಟು ಮಾಡುತ್ತಾರೆ?

ಸಾವ್ಕಾರರ ಕೋಣೆಗೆ ಇಪ್ಪತ್ತು ಹೆಜ್ಜೆ ಇದ್ದೀತು. ಅಷ್ಟರಲ್ಲಿ ಬೇಕಾದಷ್ಟು ಯೋಚಿಸಿದೆ. ಒಂದು ಸುಳ್ಳು ಹೇಳಿದರೆ ಸಾಯುವ ತನಕ ಕೂಳು ಖಾತ್ರಿ. ನಿಜ ಹೇಳಿದರೆ ನನ್ನ ಕೆಲಸವನ್ನು ನಾನೇ ಕಿತ್ತು ಕೊಟ್ಟಂತೆ. ನಿದ್ದೆ ಬಿಟ್ಟರೆ ಬೇರೆ ಏನೂ ಬಾರದ ಮನುಷ್ಯ ನಾನು, ವಯಸ್ಸೂ ಆಗಿತ್ತು. ಆದರೆ ಆ ಕೂಗು ಇನ್ನೂ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

‘ಕಂಡೇನು?’ ಎಂದರು ಸಾವ್ಕಾರರು.

‘ಕಂಡೆರಿ. ರಾಜಾಬಿ ಇಲ್ಲ ಅದರಾಗ. ಅಡ್ಡ ಕುಂತಾಂವ ನಾನ. ನನ್ನ ಬಿಡಿಸಿ ನೀವು ಮಲಗ್ರಿ, ಕನಸು ಹೋಗತೈತಿ.’

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ ಸಣ್ಣ ದನಿಯಲ್ಲಿ, ‘ದಾವಲಸಾಬ ಹತ್ತಿ ಹಿಂಜಿದ ಕಡೀ ಗಾದಿ ಮ್ಯಾಲ ನಾ ಮಲಗಿದ್ದೆ ತಿಪ್ಯಾ’ ಎಂದರು. ‘ಉಸಿರು ಸಿಗಲಿಲ್ಲ ನನಗ. ನೀರಾಗ ಮುಳುಗಿದಂಗ ಆತು. ಎದ್ದು ಎಲ್ಲಾರ ಮುಂದ ‘ಏನಿಲ್ಲ, ಚಲೋ ನಿದ್ದಿ ಬಂತು’ ಅಂದೆ. ಅಂವ ನನ್ನ ಮಾರೀನ ನೋಡ್ಕೊಂತ ನಿಂತಿದ್ದ. ಆ ಬ್ಯಾಸಗ್ಯಾಗ ಅಂವ ಹೋದ. ಆಮ್ಯಾಲ ನಾ ನಮ್ಮ ಗಾದಿ ಮ್ಯಾಲ ಮಲಗಿಲ್ಲ. ಮನ್ಯಾಗೂ ಬರೇ ಹೊರಸಿನ ಮ್ಯಾಲ ಮಲಗತೀನಿ. ನಿನ್ನ ಇಟ್ಟಿದ್ದು ಅದಕ್ಕ.’

ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಊರಿಗೆಲ್ಲ ಮೆತ್ತನೆಯ ಗಾದಿ ಮಾರಿದ ಮನುಷ್ಯ ಇಷ್ಟು ವರ್ಷ ಹಗ್ಗದ ಹೊರಸಿನ ಮೇಲೆ ಬೆನ್ನು ನೋಯಿಸಿಕೊಂಡಿದ್ದರು. ಆದರೂ ಹೇಳಬೇಕಾದದ್ದನ್ನು ಹೇಳಿದೆ. ‘ಇದನ್ನ ನನಗ ಹೇಳಿದ್ರ ಏನ ಬಂತ್ರಿ? ಇದು ರಾಜಾಬಿ ಕೇಳಬೇಕಾದ ಮಾತು.’

ಮರುದಿನ ಮಧ್ಯಾಹ್ನ ಛತ್ರದ ಗಾದಿಯೊಂದನ್ನು ಪಡಸಾಲೆಯ ನಡುವೆ ಹಾಸಿದರು. ಸಾವ್ಕಾರರು ತಲೆಯ ರುಮಾಲು ತೆಗೆದಿಟ್ಟು ಮಲಗಿದರು. ಕೆಲಸದವರು ಸುತ್ತ ಕುಳಿತರು. ನಾನು ಗೋಡೆಗೆ ಒರಗಿ ನಿಂತಿದ್ದೆ, ಇನ್ನೊಬ್ಬರು ನನ್ನ ಕೆಲಸ ಮಾಡುವುದನ್ನು ಅದೇ ಮೊದಲು ನೋಡಿದ್ದು. ಸ್ವಲ್ಪ ಹೊತ್ತಿಗೆ ಅವರ ಎದೆ ಏರಿಳಿಯತೊಡಗಿತು, ಕೈ ಗಾದಿಯ ಅಂಚನ್ನು ಹಿಡಿಯಿತು. ಎಬ್ಬಿಸಿ ಎಂದು ಯಾರೋ ಅಂದರು. ರಾಜಾಬಿ ಬೇಡ ಎಂದು ಕೈ ಮಾಡಿದಳು. ಅವರೇ ಎದ್ದಾಗ ಮುಖದಲ್ಲಿ ರಕ್ತವಿರಲಿಲ್ಲ.

‘ನಿನ್ನ ಗಂಡನ ಉಸಿರು ಕಟ್ಟೂದು ನನಗ ಗೊತ್ತಿತ್ತು ರಾಜಾಬಿ’ ಎಂದರು. ‘ಗೊತ್ತಿದ್ದೂ ಏನಿಲ್ಲ ಅಂದೆ.’

ರಾಜಾಬಿ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಈ ಮಾತು ಕೇಳಾಕ ಇಷ್ಟು ಹತ್ತಿ ತುಂಬಬೇಕಾತು’ ಎಂದಳು. ಆಮೇಲೆ ಅವಳ ದನಿ ಗಟ್ಟಿಯಾಯಿತು. ‘ಮಾಫಿ ಮಾತು ಬ್ಯಾರೆ ಐತ್ರಿ, ಅದನ್ನ ಈಗ ಕೇಳಬ್ಯಾಡ್ರಿ. ಹಿಂಜೂ ಜಾಗಾದ್ದು ಮೊದಲ ಮಾತಾಡೂಣು.’

ಜಗಳ ಅಂದೇ ಮುಗಿಯಲಿಲ್ಲ, ನಿಜವಾದ ಜಗಳ ಅಂದು ಶುರುವಾಯಿತು. ಹಿಂಜುವುದನ್ನು ಹಿತ್ತಲ ಬಯಲಿಗೆ ಒಯ್ಯಬೇಕೆಂದು ಕೆಲಸದವರು, ಅಲ್ಲಿ ಗೋದಾಮು ಕಟ್ಟಬೇಕೆಂದು ಸಾವ್ಕಾರರು. ಒಬ್ಬರೇ ದಿನವಿಡೀ ಹಿಂಜಬಾರದು, ಅರ್ಧ ದಿನ ಹಿಂಜಿ ಅರ್ಧ ದಿನ ಹೊಲಿಯಬೇಕೆಂದು ಇವರು, ಹಾಗಾದರೆ ಕೆಲಸ ಸಾಗುವುದಿಲ್ಲವೆಂದು ಅವರು. ಆದರೆ ಈಗ ಬಾಯಿಂದಲೇ ಜಗಳವಾಡುತ್ತಿದ್ದರು. ಒಂದು ದಿನ ಸಾವ್ಕಾರರು ರುಮಾಲು ಎಸೆದು ಎದ್ದು ಹೋದರು, ಇನ್ನೊಂದು ದಿನ ಹಿಂಜುವವರು ಬಿಲ್ಲು ಕೆಳಗಿಟ್ಟರು. ಕೊನೆಗೆ ಹಿತ್ತಲಲ್ಲಿ ಗೋಡೆಯಿಲ್ಲದ ತಗಡಿನ ಮಾಡು ಎದ್ದಿತು, ಧೂಳು ಗಾಳಿಗೆ ಹೋಗತೊಡಗಿತು. ಗೋದಾಮಿನ ಆಸೆಯನ್ನು ಸಾವ್ಕಾರರು ಅರ್ಧಕ್ಕೆ ಇಳಿಸಿದರು, ರಾಜಾಬಿಯ ಕಡೆಯವರು ಹಬ್ಬದ ಮುಂಚಿನ ಎರಡು ವಾರ ಹೆಚ್ಚು ಹೊತ್ತು ದುಡಿಯಲು ಒಪ್ಪಿದರು. ಛತ್ರದ ಗಾದಿಗಳು ಹುಣ್ಣಿಮೆ ಕಳೆದು ಮುಟ್ಟಿದವು. ಮೇಲ್ವಿಚಾರಕ ಬೈದ, ಆದರೆ ಯಾತ್ರಿಕರು ಚೆನ್ನಾಗಿ ಗೊರಕೆ ಹೊಡೆದರು.

ನನಗೆ ಕೆಲಸವಿರಲಿಲ್ಲ. ಮೂರು ದಿನ ಕಟ್ಟೆಯ ಮೇಲೆ ಕುಳಿತೆ. ನಾಲ್ಕನೆಯ ದಿನ ರಾಜಾಬಿ, ‘ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲೂದಿಲ್ಲ. ಬಾ, ತುಂಬೂದು ಕಲಿ’ ಎಂದು ಕರೆದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತ, ಒಂದು ಕಡೆ ಉಬ್ಬು ಒಂದು ಕಡೆ ತಗ್ಗು ಮಾಡುತ್ತ, ಅಂತೂ ನನ್ನ ಮೊದಲ ಗಾದಿ ಮುಗಿಸಿದೆ. ಮೂಲೆಮನೆಯ ಮಾಸ್ತರರು ಅದನ್ನು ಒಯ್ದರು.

ಎರಡೇ ದಿನಕ್ಕೆ ಅದು ವಾಪಸು ಬಂತು. ನನಗೆ ನಾಚಿಕೆಯಾಯಿತು. ಉಬ್ಬು ತಗ್ಗಿಗೆ ತಂದರೇನೋ ಎಂದು ಕೇಳಿದೆ. ಮಾಸ್ತರರು, ‘ಅದಕ್ಕಲ್ಲಪ್ಪಾ, ಕನಸು ಬೀಳ್ತೈತಿ’ ಎಂದರು. ನನಗೇನು ತಕರಾರು? ಇತ್ತೀಚೆಗೆ ನನಗೆ ಯಾರೂ ಏನೂ ಮಾಡಿರಲಿಲ್ಲ. ಸಾವ್ಕಾರರು ಯಾರನ್ನೂ ಕರೆಯಲಿಲ್ಲ. ಗಾದಿಯನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಹಾಸಿ, ರುಮಾಲು ತೆಗೆದಿಟ್ಟು ಮಲಗಿದರು. ನಾನು ದಾರದ ಉಂಡೆ ಹಿಡಿದು ನಿಂತೇ ಇದ್ದೆ. ಅವರು ಅಲ್ಲಿ ಏನು ನೋಡುತ್ತಾರೋ ಎಂದು ಹೆದರಿಕೆಯಾಯಿತು, ನನಗೇ ಗೊತ್ತಿಲ್ಲದ್ದು ಅಲ್ಲಿತ್ತು.

ಅವರು ಕಣ್ಣು ತೆರೆದು ಎದ್ದು ಕುಳಿತರು. ನನ್ನ ಕಡೆ ತಿರುಗಿ ಕೇಳಿದರು: ‘ತಿಪ್ಪಣ್ಣ, ಕನಸಿನ್ಯಾಗ ನಾ ಮಲಗೀನಿ. ಮನಿ ತುಂಬ ಯಾರ್ಯಾರೋ ಮಂದಿ, ಎಲ್ಲಾರೂ ನನಗ ಏನೇನೋ ಹೇಳಾಕ ಹತ್ಯಾರ. ಬಾಗಲದಾಗ ಒಬ್ಬಾಕಿ ಮುದುಕಿ ನಿಂತಾಳ, ಒಳಗ ಬರಾಕ ಜಾಗಾ ಇಲ್ಲ ಆಕಿಗೆ. ‘ಉಂಡೇನೋ’ ಅಂತ ಅಲ್ಲಿಂದನ ಕೇಳಾಕ ಹತ್ತಿದ್ಲು. ಯಾರು ಆಕಿ?’

‘ನಮ್ಮವ್ವರಿ’ ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಎಲ್ಲರೆದುರು ಮಗುವಿನಂತೆ ಅತ್ತೆ.

ಸಾವ್ಕಾರರು ತಲೆ ತಗ್ಗಿಸಿದರು. ‘ಇಷ್ಟ ವರ್ಷದಾಗ ಒಮ್ಮೆನೂ ನಿನ್ನ ತಕರಾರು ಏನಂತ ಕೇಳಲಿಲ್ಲ ನೋಡು’ ಎಂದರು.

ರಾಜಾಬಿ ರೂಢಿಯಂತೆ ಕತ್ತರಿ ತಂದು ಗಾದಿಯ ಹೊಲಿಗೆ ಬಿಚ್ಚಲು ಕುಳಿತಳು, ಹತ್ತಿಯನ್ನು ಮತ್ತೆ ಹಿಂಜಬೇಕಲ್ಲ. ನಾನು ಅವಳ ಕೈ ಹಿಡಿದೆ. ‘ಬ್ಯಾಡ ಅಕ್ಕಾ. ಇದನ್ನ ನನಗ ಕೊಡು’ ಎಂದೆ. ಅವಳು ಕತ್ತರಿಯನ್ನು ಕೆಳಗಿಟ್ಟು, ಗಾದಿಯನ್ನು ಸುತ್ತಿ, ತಾನೇ ನನ್ನ ತಲೆಯ ಮೇಲೆ ಏರಿಸಿದಳು.

ಪೇಟೆಯ ನಡುವೆ ಗಾದಿ ಹೊತ್ತು ಮನೆಗೆ ನಡೆದೆ. ಖಾನಾವಳಿಯ ಮುಂದೆ ಕುಳಿತವರು, ‘ಏನೋ ತಿಪ್ಪಣ್ಣ, ಮತ್ತ ಮಲಗೂ ಕೆಲಸ ಸಿಕ್ಕತೇನು? ಯಾರ ಕನಸು ಈ ಸಲ?’ ಎಂದು ಕೂಗಿದರು.

‘ನಂದರಿ’ ಎಂದೆ.